ಬೆಳ್ಳಿ ನೀರಿನ ಬಾಟಲಿ ಮತ್ತು ನಮ್ಮ ಊರಿನ ಮಂಡಿ ನೋವು

ನಮ್ಮ ಮನೆಗಳಲ್ಲಿ ಬೆಳ್ಳಿಯನ್ನು ಯಾರೂ ಅನುಮಾನಿಸುವುದಿಲ್ಲ. ಹಸುಗೂಸಿಗೆ ಹಾಲು ಕುಡಿಸುವುದು ಬೆಳ್ಳಿ ಒಳಲೆಯಲ್ಲಿ. ನಾಮಕರಣಕ್ಕೆ ಬಂದವರು ಕೊಡುವುದು ಬೆಳ್ಳಿ ಲೋಟ, ಬೆಳ್ಳಿ ಬಟ್ಟಲು. ಮದುವೆಯಲ್ಲಿ ಕಾಲುಂಗುರ, ದೇವರ ಮುಂದೆ ಬೆಳ್ಳಿ ದೀಪ. ಕೈ ಬಿಗಿಯಾದಾಗ ಗಿರವಿ ಅಂಗಡಿಗೆ ಹೋಗಿ ಮನೆ ಉಳಿಸುವುದೂ ಅದೇ. ಹುಟ್ಟಿದ ದಿನದಿಂದ ಜೊತೆಗಿರುವ ಈ ಲೋಹವನ್ನು ಯಾರಾದರೂ ಬಾಟಲಿಯಲ್ಲಿ ತುಂಬಿ "ಇದು ಔಷಧಿ" ಅಂದರೆ, ನಂಬದೇ ಇರುವುದು ಕಷ್ಟ ಅಲ್ವಾ?

ನಾನು ಚಿಂತಾಮಣಿಯಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಫಾರ್ಮಸಿ ಓದಿದವಳು. ಕೌಂಟರ್ ಹತ್ತಿರ ಬಂದು ಮೆಲ್ಲಗೆ "ಅಕ್ಕಾ, ಬೆಳ್ಳಿ ನೀರು ಇಟ್ಟಿದ್ದೀರಾ?" ಅಂತ ಕೇಳುವವರು ಈಗೀಗ ಇದ್ದಾರೆ. ಬಾಟಲಿ ಮೇಲೆ ಇರುವ ಹೆಸರು ಕೊಲಾಯ್ಡಲ್ ಸಿಲ್ವರ್. ಸಕ್ಕರೆ ಕಾಯಿಲೆ, ಮಂಡಿ ನೋವು, ಥೈರಾಯ್ಡ್, ವೈರಲ್ ಜ್ವರ, ಕ್ಯಾನ್ಸರ್, ಎಲ್ಲಕ್ಕೂ ಇದೊಂದೇ ಮದ್ದು ಅಂತ ಅವರಿಗೆ ಯಾರೋ ಹೇಳಿರುತ್ತಾರೆ. ನಾನು ಇಟ್ಟಿಲ್ಲ, ಇಡುವುದೂ ಇಲ್ಲ. ಆದರೆ "ಇಲ್ಲ" ಅಂತ ಒಂದೇ ಮಾತಿನಲ್ಲಿ ಕಳಿಸಿದರೆ ಅವರು ಬೇರೆ ಕಡೆ ಕೊಳ್ಳುತ್ತಾರೆ. ಅದಕ್ಕೇ ಕೌಂಟರ್‌ನಲ್ಲಿ ನಿಂತು ಹೇಳಲು ಸಮಯ ಸಾಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅದು ಏನು ಅಂತ ನೋಡೋಣ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ, ತಳಕ್ಕೆ ಇಳಿಯುವುದಿಲ್ಲ. ಜೊತೆಗೆ ಕರಗಿದ ಬೆಳ್ಳಿ ಅಯಾನುಗಳೂ, ಅಂದರೆ ವಿದ್ಯುತ್ ಆವೇಶ ಹೊತ್ತ ಬೆಳ್ಳಿ ಪರಮಾಣುಗಳೂ, ಇರುತ್ತವೆ. ಇದನ್ನು ಮನೆಯಲ್ಲೇ ಮಾಡುವವರಿದ್ದಾರೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಬೆಳ್ಳಿ ತಂತಿ ಇಳಿಬಿಟ್ಟು ಬ್ಯಾಟರಿ ಜೋಡಿಸಿದರೆ ಆಯಿತು. ಹಾಗೆ ಮಾಡಿದ ನೀರಿನಲ್ಲಿ ಎಷ್ಟು ಬೆಳ್ಳಿ ಸೇರಿದೆ ಅಂತ ಅಳೆಯುವ ದಾರಿ ಮನೆಯಲ್ಲಿ ಯಾರಿಗೂ ಇಲ್ಲ.

ಬೆಳ್ಳಿಗೆ ಕ್ರಿಮಿ ಕೊಲ್ಲುವ ಗುಣ ಇರುವುದು ಸುಳ್ಳಲ್ಲ. ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ. ಮಾರುವವರ ಮಾತು ಶುರುವಾಗುವುದು ಈ ನಿಜದಿಂದಲೇ. ಅದನ್ನು ಅಲ್ಲಗಳೆದರೆ ಜನ ನಮ್ಮ ಉಳಿದ ಮಾತನ್ನೂ ಕೇಳುವುದಿಲ್ಲ. ಬೆಳ್ಳಿ ಅಯಾನುಗಳು ಬ್ಯಾಕ್ಟೀರಿಯಾದ ಪ್ರೊಟೀನ್‌ಗಳಲ್ಲಿರುವ ಗಂಧಕದ ಭಾಗಕ್ಕೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತವೆ. 1880ರ ಸುಮಾರಿಗೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ಕ್ರೆಡೆ ಎಂಬ ಹೆರಿಗೆ ವೈದ್ಯರು ಆಗ ತಾನೇ ಹುಟ್ಟಿದ ಮಕ್ಕಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಲು ಶುರುಮಾಡಿದರು. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ತಗಲುವ ಸೋಂಕಿನಿಂದ ಆಗ ಎಷ್ಟೋ ಮಕ್ಕಳು ಕುರುಡಾಗುತ್ತಿದ್ದವು. ಅವರ ಆಸ್ಪತ್ರೆಯಲ್ಲಿ ಆ ಸೋಂಕು ನೂರಕ್ಕೆ ಹತ್ತರ ಆಸುಪಾಸಿನಿಂದ ಒಂದಕ್ಕಿಂತ ಕೆಳಗೆ ಇಳಿಯಿತು. ಎಷ್ಟು ಮಕ್ಕಳ ಕಣ್ಣು ಉಳಿಯಿತೋ! 1968ರಲ್ಲಿ ಚಾರ್ಲ್ಸ್ ಫಾಕ್ಸ್ ಅನ್ನುವವರು ಸುಟ್ಟಗಾಯಕ್ಕೆ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ತಂದರು. ಅದು ಇವತ್ತಿಗೂ ನನ್ನ ಅಂಗಡಿಯಲ್ಲಿದೆ. ಮುದ್ದೆ ತೊಳಸುವಾಗ ಕೈಗೆ ಸಿಡಿದವರು, ದೀಪಾವಳಿಯಲ್ಲಿ ಬೆರಳು ಸುಟ್ಟುಕೊಂಡ ಮಕ್ಕಳು, ಶಿಡ್ಲಘಟ್ಟ ಕಡೆ ರೇಷ್ಮೆ ಗೂಡು ಬೇಯಿಸುವ ನೀರು ಚೆಲ್ಲಿಕೊಂಡವರು, ಎಲ್ಲರಿಗೂ ಡಾಕ್ಟರ್ ಬರೆದುಕೊಡುವುದು ಆ ಬಿಳಿ ಮುಲಾಮನ್ನೇ. ಕೆಲವು ನೀರಿನ ಫಿಲ್ಟರ್‌ಗಳ ಒಳಗೂ ಬೆಳ್ಳಿ ಇರುತ್ತದೆ, ಫಿಲ್ಟರ್ ಮೇಲೆ ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ.

ಇಷ್ಟೂ ಮೈಯ ಹೊರಗಿನ ಕೆಲಸ. ಗಾಯದ ಮೇಲೆ, ಕಣ್ಣಿನ ಮೇಲೆ, ಫಿಲ್ಟರ್ ಒಳಗೆ. ಕುಡಿದ ಮೇಲೆ ಆಗುವುದು ಬೇರೆಯೇ. ಹೊಟ್ಟೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅಲ್ಲಿಗೆ ಇಳಿದ ಬೆಳ್ಳಿ ಅಯಾನು ಕ್ಲೋರೈಡ್ ಜೊತೆ ಸೇರಿ ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಪ್ರನಾಳದ ತಳಕ್ಕೆ ಬೆಳ್ಳಗೆ ಇಳಿಯುತ್ತಿತ್ತಲ್ಲ, ಅದೇ. ಇದನ್ನು ದಾಟಿ ರಕ್ತಕ್ಕೆ ಸೇರಿದ್ದೂ ಸುಮ್ನೆ ಓಡಾಡಿಕೊಂಡು ಕ್ರಿಮಿ ಹುಡುಕುವುದಿಲ್ಲ. ನಮ್ಮ ಪ್ರೊಟೀನ್‌ಗಳಲ್ಲೂ ಗಂಧಕ ಇದೆ. ಬೆಳ್ಳಿ ಅವಕ್ಕೇ ಅಂಟಿಕೊಳ್ಳುತ್ತದೆ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತಿದ್ದನ್ನು ತೋರಿಸಿ "ನಿಮ್ಮ ಮೈಯಲ್ಲೂ ಹೀಗೇ ಸಾಯುತ್ತವೆ" ಅನ್ನುವ ಮಾತು ಇಲ್ಲೇ ಮುರಿದು ಬೀಳುತ್ತದೆ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ವೈದ್ಯರೇ ಬೆಳ್ಳಿಯ ಹನಿ, ಬೆಳ್ಳಿಯ ಔಷಧಿ ಬಳಸುತ್ತಿದ್ದರು. ಆಗ ಬೇರೆ ದಾರಿ ಇರಲಿಲ್ಲ. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಅವೆಲ್ಲ ಹಿಂದೆ ಸರಿದವು. 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಂದು ನಿಯಮ ತಂದಿತು. ಚೀಟಿ ಇಲ್ಲದೆ ಮಾರುವ ಕೊಲಾಯ್ಡಲ್ ಸಿಲ್ವರ್ ಔಷಧಿಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿತು. ಆದರೂ ವ್ಯಾಪಾರ ನಿಲ್ಲಲಿಲ್ಲ. ಹೆಸರು ಬದಲಾಯಿತು, "ಪೂರಕ ಆಹಾರ" ಆಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕೊಲಾಯ್ಡಲ್ ಸಿಲ್ವರ್ ಮತ್ತಿತರ ವಸ್ತುಗಳಿಂದ ಕೊರೊನಾ ವಾಸಿ ಅಂತ ಮಾರುತ್ತಿದ್ದ ಏಳು ಕಡೆಗೆ ಅಲ್ಲಿನ ಸರ್ಕಾರ ಎಚ್ಚರಿಕೆ ಪತ್ರ ಕಳಿಸಬೇಕಾಯಿತು.

ಜಾಸ್ತಿ ಕುಡಿದವರಿಗೆ ಏನಾಗುತ್ತದೆ? ಮೈ ಬೂದು ನೀಲಿ ಆಗುತ್ತದೆ. ಇದಕ್ಕೆ ಅರ್ಜೀರಿಯಾ ಅನ್ನುತ್ತಾರೆ. ಹಳೇ ಕಾಲದ ಫೋಟೋ ಫಿಲಂನಲ್ಲಿ ಇದ್ದದ್ದು ಬೆಳ್ಳಿಯ ಲವಣ. ಬೆಳಕು ಬಿದ್ದರೆ ಅದು ಕಪ್ಪಾಗುತ್ತಿತ್ತು. ಚರ್ಮದಲ್ಲಿ ಕೂತ ಬೆಳ್ಳಿಯ ಮೇಲೆ ಬಿಸಿಲು ಬಿದ್ದರೂ ಅದೇ ಕ್ರಿಯೆ ನಡೆಯುತ್ತದೆ. ಅದಕ್ಕೇ ಮುಖ, ಕುತ್ತಿಗೆ, ಕೈ ಜಾಸ್ತಿ ಬಣ್ಣ ತಿರುಗುತ್ತವೆ. ಒಮ್ಮೆ ಬಂದ ಬಣ್ಣ ತಾನಾಗಿ ಹೋಗುವುದಿಲ್ಲ. ಲೇಸರ್‌ನಿಂದ ಕೆಲವರಿಗೆ ಸ್ವಲ್ಪ ತಿಳಿಯಾಗಿದೆ, ಅಷ್ಟೇ. ಅಮೆರಿಕದ ಪಾಲ್ ಕ್ಯಾರಸನ್ ಅನ್ನುವವರು ಮನೆಯಲ್ಲೇ ಬೆಳ್ಳಿ ನೀರು ಮಾಡಿ ವರ್ಷಗಟ್ಟಲೆ ಕುಡಿದರು, ಮುಖಕ್ಕೂ ಹಚ್ಚಿಕೊಂಡರು. 2008ರಲ್ಲಿ ಅವರು ಟಿ.ವಿ.ಯಲ್ಲಿ ಕಾಣಿಸಿಕೊಂಡಾಗ ಮುಖವೆಲ್ಲ ನೀಲಿ. 2013ರಲ್ಲಿ ತೀರಿಕೊಳ್ಳುವವರೆಗೂ ಆ ಬಣ್ಣ ಹೋಗಲಿಲ್ಲ. ಮೊಂಟಾನಾ ರಾಜ್ಯದ ಸ್ಟಾನ್ ಜೋನ್ಸ್ 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತವರು. 2000ನೇ ಇಸವಿ ಹುಟ್ಟಿದಾಗ ಕಂಪ್ಯೂಟರ್‌ಗಳೆಲ್ಲ ಕೆಟ್ಟು ಆಂಟಿಬಯಾಟಿಕ್ ಸಿಗದೇ ಹೋಗಬಹುದು ಅನ್ನುವ ಭಯಕ್ಕೆ ಅವರು ಬೆಳ್ಳಿ ನೀರು ಕುಡಿದಿದ್ದರು. ಅವರ ಚರ್ಮವೂ ಬೂದಿ ಬಣ್ಣಕ್ಕೆ ತಿರುಗಿತ್ತು.

ಅವರಿಬ್ಬರೂ ಬಿಳಿ ಚರ್ಮದವರು, ಬೇಗ ಕಾಣಿಸಿತು. ನಮ್ಮ ಮೈಬಣ್ಣದಲ್ಲಿ ಶುರುವಿನಲ್ಲೇ ಗೊತ್ತಾಗದೆ ಇರಬಹುದು. ಹೊಲದಲ್ಲಿ ಬಿಸಿಲಿಗೆ ಕಪ್ಪಾಗಿದ್ದೀನಿ ಅಂದುಕೊಂಡು ಸುಮ್ಮನಾಗಬಹುದು. ಹಾಗಾಗಿ ಒಸಡು ನೋಡಿ, ಉಗುರಿನ ಬುಡ ನೋಡಿ, ಕಣ್ಣಿನ ಬಿಳಿ ಭಾಗ ನೋಡಿ. ಅಲ್ಲಿ ಬೂದು ಅಥವಾ ನೀಲಿ ಛಾಯೆ ಕಂಡರೆ ಕುಡಿಯುವುದನ್ನು ಅವತ್ತೇ ನಿಲ್ಲಿಸಿ ಚರ್ಮದ ಡಾಕ್ಟರ್ ಹತ್ತಿರ ಹೋಗಬೇಕು.

ಇಲ್ಲಿ ಲೆಕ್ಕ ನೇರವಾಗಿ ಹೇಳುವುದು ನ್ಯಾಯ. ಬಾಟಲಿ ಮೇಲೆ 10 ಪಿಪಿಎಂ ಅಂತ ಇದ್ದರೆ ಒಂದು ಲೀಟರ್‌ಗೆ 10 ಮಿಲಿಗ್ರಾಂ ಬೆಳ್ಳಿ ಅಂತ ಅರ್ಥ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ, ಐಎಸ್ 10500, ಲೀಟರ್‌ಗೆ 0.1 ಮಿಲಿಗ್ರಾಂಗಿಂತ ಜಾಸ್ತಿ ಬೆಳ್ಳಿ ಇರಬಾರದು ಅನ್ನುತ್ತದೆ. ಅಂದರೆ ಬಾಟಲಿಯಲ್ಲಿರುವುದು ನೂರು ಪಟ್ಟು. ಅಮೆರಿಕದ ಪರಿಸರ ಸಂಸ್ಥೆ ಜೀವನಪೂರ್ತಿ ದಿನವೂ ಸೇವಿಸಬಹುದಾದ ಮಿತಿಯನ್ನು ಮೈತೂಕದ ಒಂದು ಕಿಲೋಗೆ 0.005 ಮಿಲಿಗ್ರಾಂ ಅಂತ ಇಟ್ಟಿದೆ. 60 ಕಿಲೋ ತೂಗುವವರಿಗೆ ದಿನಕ್ಕೆ 0.3 ಮಿಲಿಗ್ರಾಂ. ಒಂದು ಟೀ ಚಮಚ ಕುಡಿದರೆ 0.05 ಮಿಲಿಗ್ರಾಂ, ಮಿತಿಯ ಒಳಗೇ ಇದೆ. ಮಾರುವವರು ತೋರಿಸುವುದು ಈ ಚಮಚದ ಲೆಕ್ಕವನ್ನೇ. ಆದರೆ ನಮ್ಮವರು ಚಮಚದಲ್ಲಿ ನಿಲ್ಲುವುದಿಲ್ಲ. ನೋವು ಹೋಗಲಿಲ್ಲ ಅಂದರೆ "ಡೋಸ್ ಕಮ್ಮಿ ಆಯ್ತು" ಅಂತ ಲೋಟಕ್ಕೆ ಏರಿಸುತ್ತಾರೆ. 200 ಎಂಎಲ್ ಲೋಟದಲ್ಲಿ 2 ಮಿಲಿಗ್ರಾಂ ಆಯಿತು, ಮಿತಿಯ ಆರು ಪಟ್ಟಿಗೂ ಮೇಲೆ. ಮನೆಯಲ್ಲಿ ಬ್ಯಾಟರಿ ಹಾಕಿ ಮಾಡಿದ ನೀರಿಗಂತೂ ಲೆಕ್ಕವೇ ಇಲ್ಲ. ಚಮಚದಷ್ಟೇ ಕುಡಿದು ಮೈಬಣ್ಣ ಉಳಿಸಿಕೊಂಡವರಿಗೂ ಅದರಿಂದ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ.

ನಮ್ಮ ತಾಲ್ಲೂಕಿನಲ್ಲಿ ಇಂಥ ಬಾಟಲಿ ಮಾರುವ ಒಂದು ಸಭೆಗೆ ನಾನೂ ಹೋಗಿದ್ದೆ. ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಬಂದವರಿಗೆಲ್ಲ ಕಾಫಿ, ಬಿಸ್ಕತ್ತು. ದೀಪ ಆರಿಸಿ ಎರಡು ಗಾಜಿನ ಲೋಟ ಇಟ್ಟರು. ಒಂದರಲ್ಲಿ ಸಾದಾ ನೀರು, ಇನ್ನೊಂದರಲ್ಲಿ ಬೆಳ್ಳಿ ನೀರು. ಲೇಸರ್ ಟಾರ್ಚ್ ಬಿಟ್ಟರು. ಸಾದಾ ನೀರಿನಲ್ಲಿ ಏನೂ ಕಾಣಲಿಲ್ಲ. ಬೆಳ್ಳಿ ನೀರಿನಲ್ಲಿ ಬೆಳಕಿನ ಗೆರೆ ಪಳಪಳ ಹೊಳೆಯಿತು. "ನೋಡಿ, ಶಕ್ತಿ!" ಅಂದರು. ಸಭೆಯೆಲ್ಲ ಚಪ್ಪಾಳೆ. ಅದು ಟಿಂಡಾಲ್ ಪರಿಣಾಮ. ಒಂಬತ್ತನೇ ತರಗತಿ ಮಕ್ಕಳು ವಿಜ್ಞಾನದ ಪಾಠದಲ್ಲಿ ಓದುತ್ತಾರೆ. ನೀರಿಗೆ ಎರಡು ಹನಿ ಹಾಲು ಹಾಕಿ ಟಾರ್ಚ್ ಬಿಟ್ಟರೂ ಅದೇ ಗೆರೆ ಕಾಣುತ್ತದೆ. ತೇಲುವ ಕಣಗಳಿಗೆ ಬೆಳಕು ಬಡಿದು ಚದುರುತ್ತದೆ, ಅದಕ್ಕೂ ರೋಗಕ್ಕೂ ಸಂಬಂಧವಿಲ್ಲ. ನನಗೆ ಅಲ್ಲಿ ಬೇಸರ ಆಗಿದ್ದು ಚಪ್ಪಾಳೆ ಹೊಡೆದವರ ಮೇಲಲ್ಲ. ಮಕ್ಕಳು ಕಲಿತ ಪಾಠವನ್ನೇ ಅವರ ಅಪ್ಪ ಅಮ್ಮಂದಿರ ಕಣ್ಣಿಗೆ ಮಂತ್ರದ ಹಾಗೆ ತೋರಿಸಿ ದುಡ್ಡು ಕೇಳಿದ್ದರ ಮೇಲೆ.

"ಆಯುರ್ವೇದದಲ್ಲೂ ಬೆಳ್ಳಿ ಇದೆಯಲ್ಲ" ಅಂತ ಅಲ್ಲಿ ಹೇಳಿದರು. ರಜತ ಭಸ್ಮ ಇರುವುದು ನಿಜ. ಅದನ್ನು ಮಾಡುವ ಕ್ರಮ ಬೇರೆ, ರೂಪ ಬೇರೆ, ಕೊಡಬೇಕಾದವರು ಓದಿದ ವೈದ್ಯರು. ಅದರ ಹೆಸರು ಹೇಳಿ ಈ ಬಾಟಲಿ ಮಾರುವುದು ಸರಿಯಲ್ಲ. ಸಿಹಿ ತಿಂಡಿ ಮೇಲಿನ ಬೆಳ್ಳಿ ಹಾಳೆಯ ಮಾತೂ ಬಂತು. ಅದು ತೆಳ್ಳಗಿನ ಲೋಹ, ಹೊಟ್ಟೆಯಲ್ಲಿ ಕರಗುವುದು ತೀರಾ ಕಮ್ಮಿ, ಮತ್ತು ಅದನ್ನು ನಾವು ದಿನವೂ ಲೋಟಗಟ್ಟಲೆ ತಿನ್ನುವುದಿಲ್ಲ. ಒಳಲೆಯ ಬೆಳ್ಳಿಯೂ ಹಾಗೆಯೇ, ಹಾಲಿನಲ್ಲಿ ಕರಗಿ ಮಗುವಿನ ಹೊಟ್ಟೆ ಸೇರುವುದಿಲ್ಲ ಅನ್ನುವಷ್ಟು ಕಮ್ಮಿ. ಮನೆಯ ಬೆಳ್ಳಿಯ ಮೇಲೆ ನಮಗಿರುವ ನಂಬಿಕೆಯನ್ನು ಈ ಬಾಟಲಿ ಸಾಲ ತೆಗೆದುಕೊಂಡಿದೆ.

ಆ ಸಭೆಗೆ ನಾನು ಹೋಗಿದ್ದು ನಮ್ಮ ದೊಡ್ಡಮ್ಮನಿಂದಾಗಿ. ಅವರು ಇರುವುದು ಬಾಗೇಪಲ್ಲಿ ಹತ್ತಿರದ ಹಳ್ಳಿಯಲ್ಲಿ. ಮಂಡಿ ಬಿಗಿ, ಸೊಂಟ ಬಿಗಿ. ಕೆಳಗೆ ಕೂತರೆ ಏಳಲು ಇಬ್ಬರು ಬೇಕು. ಅವರ ಮನೆಯ ಕಿಟಕಿಯಲ್ಲಿ ಆ ಬಾಟಲಿ ನೋಡಿ ಯಾಕೆ ದೊಡ್ಡಮ್ಮ ಅಂದೆ. "ಕಾಸು ಹೋದ್ರೆ ಹೋಗ್ಲಿ ಕಣಮ್ಮಾ. ಕೆಳಗೆ ಕೂತು ನಾನೇ ಎದ್ದೇಳೋ ಹಾಗಾದ್ರೆ ಸಾಕು" ಅಂದರು. ಆ ಮಾತಿಗೆ ಯಾವ ವಿಜ್ಞಾನ ಹೇಳಲಿ? ಅವರು ದುರಾಸೆಯಿಂದಲೋ ಮೂಢತನದಿಂದಲೋ ಕೊಂಡಿದ್ದಲ್ಲ. ನೋವು ಇತ್ತು, ಅದಕ್ಕೆ ಯಾರೂ ಕಾರಣ ಹೇಳಿರಲಿಲ್ಲ. ಬಾಟಲಿ ಮಾರಿದವರು ಜಗಲಿ ಮೇಲೆ ಕೂತು ಅರ್ಧ ಗಂಟೆ ಅವರ ಕಷ್ಟ ಕೇಳಿದ್ದರು.

ಮಂಡಿ ಬಿಗಿಗೆ ಕಾರಣ ಹುಡುಕಬೇಕಾದ್ದು ಎಲ್ಲಿ? ನಮ್ಮ ಕಡೆ ಇದಕ್ಕೆ ಉತ್ತರ ಬಹಳ ಸಲ ಕುಡಿಯುವ ನೀರಿನ ಕೊಡದಲ್ಲೇ ಇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ, ತುಮಕೂರಿನ ಪಾವಗಡದಲ್ಲಿ, ನೆಲದಡಿಯ ನೀರಿನಲ್ಲಿ ಫ್ಲೋರೈಡ್ ಇದೆ. ಕಲ್ಲಿನ ಖನಿಜದಿಂದಲೇ ಅದು ನೀರಿಗೆ ಬರುತ್ತದೆ. ಕೆರೆ ಬಾವಿ ಬತ್ತಿ ನಾವು ಸಾವಿರ ಅಡಿ ದಾಟಿ ಬೋರ್ ಕೊರೆಸಿದೆವು. ಅಷ್ಟು ಆಳದಲ್ಲಿ, ವರ್ಷಗಟ್ಟಲೆ ಕಲ್ಲಿನ ನಡುವೆ ನಿಂತ ನೀರನ್ನು ಎತ್ತಿ ಕುಡಿದೆವು. ಐಎಸ್ 10500 ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಹಳದಿ, ಕಂದು ಕಲೆ. ಇನ್ನೂ ಜಾಸ್ತಿ ಇರುವ ನೀರನ್ನು ಎಷ್ಟೋ ವರ್ಷ ಕುಡಿದರೆ ಮೂಳೆ ಮತ್ತು ಕೀಲು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಇದೇನೂ ಹೊಸ ವಿಷಯವಲ್ಲ. 1937ರಲ್ಲೇ ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ, ಈ ಕಾಯಿಲೆಯನ್ನು ವೈದ್ಯರು ಗುರುತಿಸಿ ಬರೆದಿದ್ದರು.

ಬೆಳ್ಳಿ ನೀರು ಫ್ಲೋರೈಡ್‌ಗೆ ಏನೂ ಮಾಡುವುದಿಲ್ಲ. ಬೆಳ್ಳಿ ಇರುವ ಫಿಲ್ಟರ್ ಬ್ಯಾಕ್ಟೀರಿಯಾಕ್ಕೆ ಸರಿ, ಫ್ಲೋರೈಡ್‌ಗೆ ಅಲ್ಲ. ನೀರು ಕುದಿಸಿದರೂ ಹೋಗುವುದಿಲ್ಲ. ಕುದಿದು ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಆರ್‌ಒ ಫಿಲ್ಟರ್ ತೆಗೆಯುತ್ತದೆ, ಫ್ಲೋರೈಡ್ ಹೀರಿಕೊಳ್ಳುವ ಆಕ್ಟಿವೇಟೆಡ್ ಅಲ್ಯೂಮಿನಾ ಹಾಕಿದ ಫಿಲ್ಟರ್ ತೆಗೆಯುತ್ತದೆ. ಮಳೆ ನೀರು ಹಿಡಿದು ಕುಡಿದರೆ ಆ ಚಿಂತೆಯೇ ಇಲ್ಲ. ದೊಡ್ಡಮ್ಮನ ಊರಿನ ಬೋರ್ ನೀರನ್ನು ಪರೀಕ್ಷೆ ಮಾಡಿಸಿದೆವು. ಫ್ಲೋರೈಡ್ ಮಿತಿ ಮೀರಿತ್ತು. ಎಕ್ಸ್-ರೇ ನೋಡಿದ ಡಾಕ್ಟರ್, ವಯಸ್ಸಿನ ಸವೆತವೂ ಇದೆ, ನೀರಿನ ಪಾಲೂ ಇದೆ ಅಂದರು. ಈಗ ಅವರ ಮನೆಗೆ ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ಬರುತ್ತದೆ. ಬಿಗಿದ ಮಂಡಿ ಮೊದಲಿನ ಹಾಗೆ ಆಗುವುದಿಲ್ಲ ಅಂತ ಅವರಿಗೂ ಗೊತ್ತು. ಮೊಮ್ಮಗನ ಹಲ್ಲು ಉಳಿಯಲಿ ಅಂತ ಅವರೇ ಕ್ಯಾನ್ ಮುಗಿಯುವ ಮುಂಚೆ ಮಗನನ್ನು ಎಬ್ಬಿಸಿ ಕಳಿಸುತ್ತಾರೆ.

ಇನ್ನೊಂದು ವಿಷಯ, ಇದು ನನ್ನ ವೃತ್ತಿಗೆ ಸೇರಿದ್ದು. ದೊಡ್ಡಮ್ಮ ಥೈರಾಯ್ಡ್‌ಗೆ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದನ್ನು ಬೆಳಗ್ಗೆ ಬರಿ ಹೊಟ್ಟೆಯಲ್ಲಿ ನುಂಗಬೇಕು. ಅವರು ಆ ಮಾತ್ರೆಯನ್ನು ಬೆಳ್ಳಿ ನೀರಿನ ಜೊತೆಗೇ ನುಂಗುತ್ತಿದ್ದರು, ಅದನ್ನೂ ಬರಿ ಹೊಟ್ಟೆಯಲ್ಲಿ ಕುಡಿಯಲು ಮಾರಿದವರು ಹೇಳಿದ್ದರಂತೆ. ಬೆಳ್ಳಿ ಥೈರಾಕ್ಸಿನ್ ಮೈಗೆ ಸೇರುವುದನ್ನು ತಡೆಯಬಲ್ಲದು. ಕೆಲವು ಆಂಟಿಬಯಾಟಿಕ್‌ಗಳಿಗೂ ಇದೇ ಮಾತು, ಟೆಟ್ರಾಸೈಕ್ಲಿನ್ ಗುಂಪಿನವು, ಸಿಪ್ರೊಫ್ಲಾಕ್ಸಾಸಿನ್ ತರಹದವು. ಅಂದರೆ ಕೆಲಸ ಮಾಡುವ ಔಷಧಿಯ ದಾರಿಗೆ ಕೆಲಸ ಮಾಡದ ಬಾಟಲಿ ಅಡ್ಡ ಬರುತ್ತದೆ. ಥೈರಾಯ್ಡ್ ಟೆಸ್ಟ್ ಏರುಪೇರಾದಾಗ ಡಾಕ್ಟರ್ ಡೋಸ್ ಏರಿಸುತ್ತಾರೆ, ಮನೆಯಲ್ಲಿ ಬೆಳ್ಳಿ ನೀರು ಕುಡಿಯುವ ವಿಷಯ ಅವರಿಗೆ ಯಾರೂ ಹೇಳಿರುವುದಿಲ್ಲ. ಬೈಯುತ್ತಾರೆ ಅನ್ನುವ ಹೆದರಿಕೆ. ದಯವಿಟ್ಟು ಹೇಳಿ. ಬಾಟಲಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಡಾಕ್ಟರ್‌ಗಳಿಗೂ ನನ್ನದೊಂದು ಮಾತಿದೆ. ಬೈಯಬೇಡಿ. ಹೊರರೋಗಿ ವಿಭಾಗದ ಸಾಲು ಎಷ್ಟು ಉದ್ದ ಅಂತ ನನಗೆ ಗೊತ್ತು. ಆದರೂ "ಬೇರೆ ಏನಾದರೂ ಕುಡಿಯುತ್ತಿದ್ದೀರಾ?" ಅನ್ನುವ ಒಂದು ಪ್ರಶ್ನೆಗೆ ಜಾಗ ಇರಲಿ. ಆ ಪ್ರಶ್ನೆಯನ್ನು ಮೆತ್ತಗೆ ಕೇಳಿದರೆ ಜನ ಹೇಳುತ್ತಾರೆ, ನನ್ನ ಕೌಂಟರ್‌ನಲ್ಲೇ ನೋಡಿದ್ದೇನೆ.

ಕಾನೂನು ಇಲ್ಲವೇ ಅಂದರೆ, ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡದಂಥ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು ತಡೆಯುತ್ತದೆ. ಸಭೆಯಲ್ಲಿ ಹಂಚಿದ ಪಾಂಪ್ಲೆಟ್ ಎಸೆಯಬೇಡಿ, ಇಟ್ಟುಕೊಳ್ಳಿ. ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡುವಾಗ ಅದೇ ಸಾಕ್ಷಿ. ಆ ಮಂಟಪದಲ್ಲಿ ಸಿಕ್ಕ ಪಾಂಪ್ಲೆಟ್ ಜೊತೆ ನಾನೂ ಒಂದು ದೂರು ಬರೆದು ಕಳಿಸಿದ್ದೇನೆ.

ದೂರಿಗಿಂತ ಜಾಸ್ತಿ ಬೇಕಾದ್ದು ನೀರಿನ ಅಂಕಿ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ನೀರು ಪರೀಕ್ಷೆಯ ಕಿಟ್ ಕೊಟ್ಟು ಕಲಿಸುವ ವ್ಯವಸ್ಥೆ ಇದೆ. ನಿಮ್ಮ ಪಂಚಾಯಿತಿಯಲ್ಲಿ ಆ ಕಿಟ್ ಯಾರ ಹತ್ತಿರ ಇದೆ ಅಂತ ಕೇಳಿ. ಪರೀಕ್ಷೆ ಮಾಡಿದ್ದು ರಿಜಿಸ್ಟರ್‌ನಲ್ಲಿ ಉಳಿದರೆ ಉಪಯೋಗ ಇಲ್ಲ. ಪ್ರತಿ ಊರಿನ ನೀರಿನ ಟ್ಯಾಂಕ್ ಗೋಡೆಯ ಮೇಲೆ, ಬೋರ್‌ವೆಲ್ ಹೆಸರು, ಪರೀಕ್ಷೆ ಮಾಡಿದ ತಿಂಗಳು, ಫ್ಲೋರೈಡ್ ಎಷ್ಟು, ಇಷ್ಟನ್ನು ಓದಲು ಬರುವಷ್ಟು ದೊಡ್ಡದಾಗಿ ಬಣ್ಣದಲ್ಲಿ ಬರೆಸಬೇಕು. ದೊಡ್ಡಮ್ಮನ ಮಗ ಇದನ್ನು ಅವರ ಗ್ರಾಮ ಸಭೆಯಲ್ಲಿ ಕೇಳಿದ್ದಾನೆ. ಪಿಡಿಒ ಬರೆಸುತ್ತೇವೆ ಅಂದಿದ್ದಾರೆ. ಇನ್ನೂ ಬರೆಸಿಲ್ಲ, ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತಾನೆ.